ಬ್ರೇಕ್ ಪ್ಯಾಡ್: ಅಗ್ಗದ್ದು ಸಾಕಾ, ಕಂಪನಿಯದ್ದೇ ಬೇಕಾ? ಅಡ್ಯಾರ್‌ನಿಂದ ಒಂದು ಲೆಕ್ಕಾಚಾರ

ಕಾರಿನ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದದ್ದು 2025ರ ಸೆಪ್ಟೆಂಬರ್ 22ರಂದು. ಯಾವ ಹೊಸ ಕಾರು ಎಷ್ಟು ಸಾವಿರ ಅಗ್ಗವಾಯಿತು ಎಂಬ ಸುದ್ದಿಗಳ ಅಬ್ಬರದಲ್ಲಿ ಈ ಇಳಿಕೆ ಹೆಚ್ಚಿನವರ ಗಮನಕ್ಕೆ ಬರಲೇ ಇಲ್ಲ. ಹೊಸ ಕಾರು ಕೊಳ್ಳುವ ಯೋಚನೆ ಇಲ್ಲದೆ, ಇರುವ ಕಾರನ್ನೇ ಓಡಿಸಿಕೊಂಡು ಹೋಗುವವರಿಗೆ ಮಾತ್ರ ಲೆಕ್ಕಕ್ಕೆ ಬರುವುದು ಇದೇ. ತೆರಿಗೆ ಬಿಟ್ಟು 2,000 ರೂಪಾಯಿ ಇದ್ದ ಒಂದು ಬ್ರೇಕ್ ಪ್ಯಾಡ್ ಸೆಟ್ ಮೊದಲು 2,560 ರೂಪಾಯಿಗೆ ಬೀಳುತ್ತಿತ್ತು. ಈಗ 2,360. ಉಳಿಯುವುದು 200 ರೂಪಾಯಿ.

ದೊಡ್ಡ ಮೊತ್ತವೇನಲ್ಲ. ಆದರೆ ಇದರಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ತೆರಿಗೆ ಇಳಿದದ್ದು ಬಿಲ್ ಇರುವ ಸರಕಿಗೆ ಮಾತ್ರ. ಬಿಲ್ ಇಲ್ಲದೆ, ಹೆಸರು ಗೊತ್ತಿಲ್ಲದ ಡಬ್ಬಿಯಲ್ಲಿ ಮಾರಾಟವಾಗುವ ಪ್ಯಾಡ್ ಹಿಂದೆಯೂ ತೆರಿಗೆ ಕಟ್ಟಿರಲಿಲ್ಲ, ಈಗಲೂ ಕಟ್ಟುವುದಿಲ್ಲ. ಹಾಗಾಗಿ ಅದರ ಬೆಲೆ ಇಳಿಯಲು ಕಾರಣವೂ ಇಲ್ಲ. ಅಂದರೆ ಬಿಲ್ ಇರುವ ಪ್ಯಾಡ್‌ಗೂ ಬಿಲ್ ಇಲ್ಲದ್ದಕ್ಕೂ ನಡುವಿನ ಅಂತರ ಈಗ ಮೊದಲಿಗಿಂತ ಕಡಿಮೆ. ಅಗ್ಗದ್ದಕ್ಕೆ ಕೈ ಹಾಕುವ ಮುನ್ನ ಈ ಲೆಕ್ಕವನ್ನು ಮತ್ತೊಮ್ಮೆ ಮಾಡಬೇಕಾದ ಹೊತ್ತಿದು.

ಈ ಲೆಕ್ಕ ಮಾಡಲು ಅಡ್ಯಾರ್‌ಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. (ಮಂಗಳೂರಿನವರು ಕ್ಷಮಿಸಬೇಕು, ಇದು ನಿಮ್ಮ ಹೆದ್ದಾರಿ ಬದಿಯ ಅಡ್ಯಾರ್ ಅಲ್ಲ, ಚೆನ್ನೈನದು.) ಕಾರಣ ಎರಡು. ದೇಶದ ಬ್ರೇಕ್ ಉದ್ಯಮದ ದೊಡ್ಡ ಹೆಸರುಗಳು ಬೆಳೆದದ್ದು ಇದೇ ಊರಿನಲ್ಲಿ. ಜತೆಗೆ, ಸಮುದ್ರದ ಉಪ್ಪುಗಾಳಿ, ಮಳೆಗಾಲದ ನೆರೆ, ಮೆಟ್ರೊ ಕಾಮಗಾರಿಯ ದಟ್ಟಣೆ ಎಲ್ಲವೂ ಸೇರಿ ಬ್ರೇಕ್‌ಗಳನ್ನು ಪರೀಕ್ಷೆಗೆ ಒಡ್ಡುವ ಬಡಾವಣೆ ಇದು. ಇಲ್ಲಿನ ಗ್ಯಾರೇಜ್‌ನಲ್ಲಿ ಚಕ್ರ ಬಿಚ್ಚಿಟ್ಟ ಮೇಲೆ ಬರುವ ಪ್ರಶ್ನೆ ಒಂದೇ: "ಒರಿಜಿನಲ್ ವೇಣುಮಾ, ಲೋಕಲ್ ಪೋದುಮಾ?" ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಇದನ್ನೇ ಕನ್ನಡದಲ್ಲಿ ಕೇಳುತ್ತಾರೆ. ಒರಿಜಿನಲ್ ಬೇಕಾ, ಲೋಕಲ್ ಸಾಕಾ?

ಪ್ರಶ್ನೆಯೇ ತಪ್ಪು ಎಂಬುದು ಈ ಲೇಖನದ ವಾದ. ಮಾರುಕಟ್ಟೆಯಲ್ಲಿ ಇರುವುದು ಎರಡು ಬಗೆಯ ಪ್ಯಾಡ್ ಅಲ್ಲ, ಮೂರು.

ಒಂದೇ ಕಾರ್ಖಾನೆ, ಎರಡು ಡಬ್ಬಿ

ಕಾರು ಕಂಪನಿಗಳು ಸಾಮಾನ್ಯವಾಗಿ ಬ್ರೇಕ್ ಪ್ಯಾಡ್ ತಯಾರಿಸುವುದಿಲ್ಲ. ಅದನ್ನು ಬಿಡಿಭಾಗ ತಯಾರಕರಿಂದ ಕೊಳ್ಳುತ್ತವೆ. ಅಡ್ಯಾರ್‌ನಿಂದ ಊರಿನ ಇನ್ನೊಂದು ತುದಿಗೆ, ಪಾಡಿ ಮತ್ತು ಅಂಬತ್ತೂರಿನ ಕಡೆ ಹೋದರೆ ಆ ತಯಾರಕರೇ ಸಿಗುತ್ತಾರೆ. ಬ್ರಿಟನ್ನಿನ ಲ್ಯೂಕಾಸ್ ಸಮೂಹದ ಗರ್ಲಿಂಗ್ ತಂತ್ರಜ್ಞಾನದೊಂದಿಗೆ ಟಿವಿಎಸ್ ಬಳಗ 1962ರಲ್ಲಿ ಶುರು ಮಾಡಿದ ಬ್ರೇಕ್ಸ್ ಇಂಡಿಯಾ ಪಾಡಿಯಲ್ಲಿ ಬೆಳೆಯಿತು. ಅರವತ್ತರ ದಶಕದಲ್ಲೇ ಹುಟ್ಟಿದ ರಾಣೆ ಬ್ರೇಕ್ ಲೈನಿಂಗ್ ಅಂಬತ್ತೂರಿನದು. ಸುಂದರಂ ಬ್ರೇಕ್ ಲೈನಿಂಗ್ಸ್ ಬಂದದ್ದು ಎಪ್ಪತ್ತರ ದಶಕದಲ್ಲಿ. ನಮ್ಮ ಬೀದಿಗಳಲ್ಲಿ ಓಡುವ ಕಾರು, ಲಾರಿ, ಬಸ್ಸುಗಳಲ್ಲಿ ಈ ಊರಿನ ಬ್ರೇಕ್ ಹಾಕಿದವು ಅಸಂಖ್ಯ.

ಇಂಥ ತಯಾರಕರಿಂದ ಪ್ಯಾಡ್ ಎರಡು ದಾರಿಯಲ್ಲಿ ಹೊರಬರುತ್ತದೆ. ಒಂದು, ಕಾರು ಕಂಪನಿಯ ಹೆಸರಿನ ಡಬ್ಬಿಯಲ್ಲಿ. ಇದನ್ನು ಸರ್ವೀಸ್ ಸೆಂಟರ್‌ನವರು 'ಜೆನ್ಯೂನ್ ಪಾರ್ಟ್' ಎನ್ನುತ್ತಾರೆ. ಇನ್ನೊಂದು, ತಯಾರಕರದೇ ಹೆಸರಿನ ಡಬ್ಬಿಯಲ್ಲಿ. ಬ್ರೇಕ್ಸ್ ಇಂಡಿಯಾ ತನ್ನ ಸರಕನ್ನು ಟಿವಿಎಸ್ ಗರ್ಲಿಂಗ್, ಟಿವಿಎಸ್ ಅಪಾಚೆ ಹೆಸರುಗಳಲ್ಲಿ ಬಿಡಿಭಾಗದ ಅಂಗಡಿಗಳಿಗೆ ಕೊಡುತ್ತದೆ. ರಾಣೆ, ಬಾಷ್ ಮುಂತಾದವರದ್ದೂ ಹೀಗೆಯೇ. ಮೂರನೆಯದು ಯಾರದೆಂದು ಗೊತ್ತಿಲ್ಲದ ಸರಕು. ಅದರಲ್ಲೂ ಎರಡು ವಿಧ. ತಾನು ಲೋಕಲ್ ಎಂದು ಒಪ್ಪಿಕೊಳ್ಳುವುದು ಒಂದು. ಕಾರು ಕಂಪನಿಯ ಅಥವಾ ದೊಡ್ಡ ತಯಾರಕರ ಡಬ್ಬಿಯನ್ನೇ ನಕಲು ಮಾಡಿ, ಅವರ ಹೆಸರಿನಲ್ಲೇ ಮಾರುವ ಡೂಪ್ಲಿಕೇಟ್ ಇನ್ನೊಂದು. ಮೊದಲನೆಯದು ಅಗ್ಗ. ಎರಡನೆಯದು ಅಗ್ಗವೂ ಅಲ್ಲ. ದುಡ್ಡು ಕೊಟ್ಟೂ ಮೋಸ ಹೋಗುವುದು ಇಲ್ಲಿಯೇ.

ಗ್ಯಾರೇಜ್‌ನಲ್ಲಿ 'ಲೋಕಲ್' ಎಂಬ ಒಂದೇ ಪದದಲ್ಲಿ ಎರಡನೆಯ ಮತ್ತು ಮೂರನೆಯ ಗುಂಪು ಎರಡೂ ಸೇರಿಹೋಗುತ್ತವೆ. ಹೊರಗಿನ ಅಂಗಡಿಯಿಂದ ತಂದದ್ದೆಲ್ಲ ಲೋಕಲ್ ಎಂದಾಗುವುದರಿಂದ ಅನುಕೂಲ ಇಬ್ಬರಿಗೆ. ದುಬಾರಿ ಡಬ್ಬಿ ಮಾರುವ ಸರ್ವೀಸ್ ಸೆಂಟರ್‌ಗೆ ಹೆದರಿಸಲು ಒಂದು ಪದ ಸಿಗುತ್ತದೆ. ಹೆಸರಿಲ್ಲದ ಸರಕು ಮಾರುವವನಿಗೆ ಒಳ್ಳೆಯ ತಯಾರಕನ ಪಕ್ಕದಲ್ಲಿ ನಿಲ್ಲಲು ಜಾಗ ಸಿಗುತ್ತದೆ.

ಈಗ ಒಂದು ಲೆಕ್ಕ. ಇಲ್ಲಿನ ಅಂಕಿಗಳು ಉದಾಹರಣೆಗಷ್ಟೇ, ನಿಮ್ಮ ಕಾರಿನ ಬೆಲೆ ಹಾಕಿ ನೋಡಿಕೊಳ್ಳಿ. ಹೆಸರಿಲ್ಲದ ಪ್ಯಾಡ್ 1,200 ರೂಪಾಯಿ, ಬಾಳಿಕೆ 20 ಸಾವಿರ ಕಿ.ಮೀ. ಎಂದಿಟ್ಟುಕೊಳ್ಳಿ. ತಯಾರಕರ ಡಬ್ಬಿಯದ್ದು 2,200 ರೂಪಾಯಿ, ಕಂಪನಿ ಡಬ್ಬಿಯದ್ದು 3,500, ಎರಡರ ಬಾಳಿಕೆಯೂ 40 ಸಾವಿರ ಕಿ.ಮೀ. ಪ್ರತಿ ಸಲ ಕೂಲಿ 500 ರೂಪಾಯಿ. 40 ಸಾವಿರ ಕಿ.ಮೀ. ಮುಗಿಯುವಾಗ ಹೆಸರಿಲ್ಲದ ಪ್ಯಾಡ್ ಎರಡು ಸಲ ಹಾಕಿಸಿ 3,400 ರೂಪಾಯಿ ಆಗಿರುತ್ತದೆ, ತಯಾರಕರದ್ದು 2,700, ಕಂಪನಿಯದ್ದು 4,000. ಅತಿ ಅಗ್ಗದ್ದು ಅತಿ ಅಗ್ಗವಾಗಿ ಉಳಿಯಲಿಲ್ಲ. ಅತಿ ದುಬಾರಿಯದ್ದಕ್ಕೆ ಕೊಟ್ಟ ಹೆಚ್ಚುವರಿ ದುಡ್ಡಿಗೆ ಒಂದು ಚಿಹ್ನೆ ಬಿಟ್ಟರೆ ಬೇರೇನು ಬಂತು ಎಂಬುದನ್ನು ಕೇಳಬೇಕಾಗುತ್ತದೆ.

ಕೇಳಿದವರೂ ಇದ್ದಾರೆ.

2014ರ ಆದೇಶ ಹೇಳಿದ್ದೇನು?

ಬಿಡಿಭಾಗಗಳು ಹೊರಗೆಲ್ಲೂ ಸಿಗುತ್ತಿಲ್ಲ, ಕಂಪನಿ ಹೇಳಿದ ಬೆಲೆಗೇ ಕೊಳ್ಳಬೇಕಾಗಿದೆ ಎಂದು ಗ್ರಾಹಕರೊಬ್ಬರು 2011ರಲ್ಲಿ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟರು. ದೂರು ಇದ್ದದ್ದು ಮೂರು ಕಂಪನಿಗಳ ಮೇಲೆ. ತನಿಖೆ ಇಡೀ ಉದ್ಯಮಕ್ಕೆ ಹಬ್ಬಿತು. 2014ರ ಆಗಸ್ಟ್ 25ರಂದು ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಟಾಟಾ ಮೋಟರ್ಸ್ ಒಂದಕ್ಕೇ 1,346 ಕೋಟಿ. ಚೆನ್ನೈ ಬಳಿಯೇ ಕಾರ್ಖಾನೆ ಇರುವ ಹ್ಯುಂಡೈ ಮದ್ರಾಸ್ ಹೈಕೋರ್ಟ್ ಮೆಟ್ಟಿಲೇರಿದ್ದರಿಂದ ಅದರ ಆದೇಶ ಬೇರೆಯಾಗಿ, 2015ರ ಜುಲೈನಲ್ಲಿ ಬಂತು. ಅದರ ದಂಡ 420 ಕೋಟಿ.

ದಂಡದ ಮೊತ್ತ ಮೇಲ್ಮನವಿಗಳಲ್ಲಿ ಸಿಲುಕಿತು. ಸುದ್ದಿಯೂ ಅಲ್ಲಿಗೇ ನಿಂತಿತು. ಆದರೆ ಕಾರು ಇಟ್ಟುಕೊಂಡವರಿಗೆ ಬೇಕಾದದ್ದು ದಂಡದ ಮೊತ್ತ ಅಲ್ಲ, ಆಯೋಗ ಕಂಡುಕೊಂಡ ಸಂಗತಿ. ಬಿಡಿಭಾಗ ತಯಾರಕರು ತಮ್ಮ ಸರಕನ್ನು ನೇರವಾಗಿ ಅಂಗಡಿಗೆ ಮಾರದಂತೆ ಕಾರು ಕಂಪನಿಗಳು ಒಪ್ಪಂದ ಮಾಡಿಕೊಂಡಿದ್ದವು. ಹೊರಗಿನ ಗ್ಯಾರೇಜ್‌ಗಳಿಗೆ ಬಿಡಿಭಾಗವೂ ಸಿಗುತ್ತಿರಲಿಲ್ಲ, ರಿಪೇರಿ ಕೈಪಿಡಿಯೂ ಸಿಗುತ್ತಿರಲಿಲ್ಲ. ಗ್ರಾಹಕ ಒಮ್ಮೆ ಕಾರು ಕೊಂಡ ಮೇಲೆ ಆ ಕಾರಿನ ಬಿಡಿಭಾಗಗಳ ಮಾರುಕಟ್ಟೆಯಲ್ಲಿ ಅದೇ ಕಂಪನಿಯ ಕೈಗೆ ಸಿಕ್ಕಿಬೀಳುತ್ತಾನೆ ಎಂಬುದು ಆಯೋಗದ ವಾದದ ತಿರುಳು.

ಕಂಪನಿಗಳು ಕೊಟ್ಟ ಉತ್ತರದಲ್ಲಿ ಒಂದು ಮಾತು ನಮಗೆ ಮುಖ್ಯ. ಬಿಡಿಭಾಗವನ್ನು ಮುಕ್ತವಾಗಿ ಬಿಟ್ಟರೆ ನಕಲಿ ಸರಕು ಹೆಚ್ಚುತ್ತದೆ, ಸುರಕ್ಷತೆಗೆ ಧಕ್ಕೆಯಾಗುತ್ತದೆ ಎಂದವು. ಆಯೋಗ ಅದನ್ನು ಒಪ್ಪಲಿಲ್ಲ. ತಯಾರಕರು ತಮ್ಮದೇ ಹೆಸರಿನಲ್ಲಿ ಅಂಗಡಿಗೆ ಮಾರಲು ಬಿಡಬೇಕು, ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ಇಡೀ ವಾರಂಟಿ ರದ್ದು ಎನ್ನಬಾರದು ಎಂದು ಸೂಚಿಸಿತು. ನನಗನ್ನಿಸುವಂತೆ ಆಯೋಗದ ನಿಲುವೇ ಸರಿ. ಒಳ್ಳೆಯ ಸರಕು ಸುಲಭವಾಗಿ, ನ್ಯಾಯವಾದ ಬೆಲೆಗೆ ಸಿಗದಿದ್ದಾಗಲೇ ಅಲ್ಲವೇ ಡೂಪ್ಲಿಕೇಟ್‌ಗೆ ಗಿರಾಕಿ ಹುಟ್ಟುವುದು?

'ಹೊರಗಿನ ಪ್ಯಾಡ್ ಹಾಕಿಸಿದರೆ ವಾರಂಟಿ ಹೋಗುತ್ತದೆ' ಎಂಬ ಮಾತು ಇವತ್ತಿಗೂ ಕೇಳಿಬರುತ್ತದೆ. ಬ್ರೇಕ್ ಪ್ಯಾಡ್ ಸವೆಯುವ ವಸ್ತು, ಅದಕ್ಕೆ ಸಾಮಾನ್ಯವಾಗಿ ವಾರಂಟಿಯೇ ಇರುವುದಿಲ್ಲ. ಅದನ್ನು ಬದಲಿಸಿದ್ದಕ್ಕೆ ಎಂಜಿನ್ ವಾರಂಟಿ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಬರವಣಿಗೆಯಲ್ಲಿ ಕೊಡಿ ಎಂದು ಕೇಳಿ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ 'ರೈಟ್ ಟು ರಿಪೇರ್' ಪೋರ್ಟಲ್ ತೆರೆದಾಗ ಅದರಲ್ಲಿ ಸೇರಿಸಿದ ನಾಲ್ಕು ವಲಯಗಳಲ್ಲಿ ವಾಹನ ವಲಯವೂ ಒಂದು.

ಅಗ್ಗದ ಪ್ಯಾಡ್‌ನಲ್ಲಿ ಕಡಿಮೆಯಾಗಿರುವುದು ಏನು?

ನೋಡಲು ಎಲ್ಲ ಪ್ಯಾಡ್‌ಗಳೂ ಒಂದೇ. ಒಂದು ಉಕ್ಕಿನ ಹಲಗೆ, ಅದರ ಮೇಲೆ ಅಂಟಿದ ಕಪ್ಪು ಅಥವಾ ಬೂದು ಬಣ್ಣದ ಬಿಲ್ಲೆ. ಆ ಬಿಲ್ಲೆಯಲ್ಲಿ ಹತ್ತಾರು ವಸ್ತುಗಳಿರುತ್ತವೆ. ಎಲ್ಲವನ್ನೂ ಹಿಡಿದಿಡುವ ಫಿನಾಲಿಕ್ ರಾಳ, ಗಟ್ಟಿತನಕ್ಕೆ ಅರಾಮಿಡ್ ಅಥವಾ ಉಕ್ಕಿನ ನಾರು, ಘರ್ಷಣೆ ಹದವಾಗಿರಲು ಗ್ರಾಫೈಟ್, ತುಂಬಿಸಲು ಬೇರೈಟ್, ಡಿಸ್ಕ್ ಮೇಲೆ ಕೂರುವ ಪದರವನ್ನು ಒರೆಸಲು ಕೆಲವು ಒರಟು ಪುಡಿಗಳು. ಇವನ್ನು ಬೆರೆಸಿ, ಬಿಸಿ ಅಚ್ಚಿನಲ್ಲಿ ಒತ್ತಿ, ಆಮೇಲೆ ಗಂಟೆಗಟ್ಟಲೆ ಒಲೆಯಲ್ಲಿ ಹದ ಮಾಡುತ್ತಾರೆ. ಖರ್ಚು ಉಳಿಸಬೇಕೆಂದರೆ ದಾರಿ ಮೂರೇ. ದುಬಾರಿ ನಾರಿನ ಬದಲು ಅಗ್ಗದ ಪುಡಿ ತುಂಬಿಸುವುದು, ಒಲೆಯಲ್ಲಿ ಇಡುವ ಹೊತ್ತು ಕಡಿಮೆ ಮಾಡುವುದು, ಪರೀಕ್ಷೆಯನ್ನೇ ಬಿಟ್ಟುಬಿಡುವುದು.

ಮೋಸ ಗೊತ್ತಾಗದಿರುವುದು ಯಾಕೆ ಎಂಬುದು ಇಲ್ಲಿದೆ. ತಣ್ಣಗಿರುವಾಗ ಅಗ್ಗದ ಪ್ಯಾಡ್ ಕೂಡ ಚೆನ್ನಾಗಿಯೇ ಹಿಡಿಯುತ್ತದೆ. ಹೊಸ ಪ್ಯಾಡ್ ಹಾಕಿಸಿ, ಗ್ಯಾರೇಜ್ ಸುತ್ತ ಒಂದು ಸುತ್ತು ಹಾಕಿ, ಎರಡು ಸಲ ಬ್ರೇಕ್ ಒತ್ತಿ ನೋಡಿದರೆ ಯಾವ ವ್ಯತ್ಯಾಸವೂ ತಿಳಿಯುವುದಿಲ್ಲ. ಕೆಲವೊಮ್ಮೆ ಅಗ್ಗದ್ದೇ ಹೆಚ್ಚು ಗಟ್ಟಿಯಾಗಿ ಹಿಡಿದಂತೆ ಅನ್ನಿಸುವುದೂ ಉಂಟು. ವ್ಯತ್ಯಾಸ ಕಾಣುವುದು ಪ್ಯಾಡ್ ಕಾದ ಮೇಲೆ. ಸುಮಾರು 300 ಡಿಗ್ರಿ ದಾಟಿದ ಮೇಲೆ ರಾಳ ಕೆಡಲು ಶುರುವಾಗುತ್ತದೆ. ಸರಿಯಾಗಿ ಹದವಾಗದ ಪ್ಯಾಡ್‌ನಲ್ಲಿ ಅದು ಇನ್ನೂ ಬೇಗ. ಹೊರಬಿದ್ದ ಅನಿಲ ಪ್ಯಾಡ್ ಮತ್ತು ಡಿಸ್ಕ್ ನಡುವೆ ಸೇರಿಕೊಂಡು ಹಿಡಿತ ಜಾರುತ್ತದೆ. ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಇದಕ್ಕೆ 'ಫೇಡ್' ಎಂದು ಹೆಸರು.

ಈಗ ಹೊಸ ಕಾರುಗಳಿಗೆಲ್ಲ ಎಬಿಎಸ್ ಇದೆಯಲ್ಲ ಎಂದು ಕೇಳಬಹುದು. ಎಬಿಎಸ್ ಮಾಡುವುದು ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ಕೆಲಸ. ಹಿಡಿತವೇ ಇಲ್ಲದ ಪ್ಯಾಡ್‌ಗೆ ಅದು ಹಿಡಿತ ಕೊಡಲಾರದು.

ಪ್ಯಾಡ್‌ನ ಅಂಚಿನಲ್ಲಿ ಅಥವಾ ಹಿಂಭಾಗದಲ್ಲಿ ಮುದ್ರಿಸಿದ ಸಂಕೇತದ ಕೊನೆಯಲ್ಲಿ ಎರಡು ಇಂಗ್ಲಿಷ್ ಅಕ್ಷರಗಳು ಇರುವುದುಂಟು, 'ಎಫ್‌ಎಫ್', 'ಎಫ್‌ಇ', 'ಜಿಜಿ' ಹೀಗೆ. ಮೊದಲ ಅಕ್ಷರ ಸಾಮಾನ್ಯ ಬಿಸಿಯಲ್ಲಿ ಘರ್ಷಣೆ ಎಷ್ಟು ಎಂಬುದನ್ನೂ, ಎರಡನೆಯದು ಚೆನ್ನಾಗಿ ಕಾದಾಗ ಎಷ್ಟು ಎಂಬುದನ್ನೂ ಹೇಳುತ್ತದೆ. 'ಇ' ಎಂದರೆ ಘರ್ಷಣಾಂಕ 0.25ರಿಂದ 0.35, 'ಎಫ್' ಎಂದರೆ 0.35ರಿಂದ 0.45, 'ಜಿ' ಎಂದರೆ 0.45ರಿಂದ 0.55. ಎರಡನೆಯ ಅಕ್ಷರ ಮೊದಲಿನದಕ್ಕಿಂತ ಕೆಳಗಿದ್ದರೆ ಕಾದಾಗ ಹಿಡಿತ ಇಳಿಯುತ್ತದೆ ಎಂದರ್ಥ. ಇದು ಗುಣಮಟ್ಟದ ಪ್ರಮಾಣಪತ್ರವಲ್ಲ. ಬಾಳಿಕೆ, ಶಬ್ದ, ಡಿಸ್ಕ್ ಸವೆತದ ಬಗ್ಗೆ ಇದು ಏನೂ ಹೇಳುವುದಿಲ್ಲ. ಆದರೂ ಇದನ್ನು ಓದಲು ದುಡ್ಡು ಬೇಕಿಲ್ಲ. ನಿಮ್ಮ ಹಳೆಯ ಮೂಲ ಪ್ಯಾಡ್‌ನ ಅಕ್ಷರಕ್ಕೂ ಹೊಸದರ ಅಕ್ಷರಕ್ಕೂ ತಾಳೆ ನೋಡುವುದು ಅರ್ಧ ನಿಮಿಷದ ಕೆಲಸ.

ಇನ್ನೊಂದು ಅಪಾಯ ಕಾರು ಓಡಿಸುವವರದ್ದಲ್ಲ, ಮೆಕ್ಯಾನಿಕ್‌ನದು. ಕಲ್ನಾರು ಅಂದರೆ ಆಸ್‌ಬೆಸ್ಟಾಸ್ ಬೆರೆಸಿದ ಲೈನಿಂಗ್‌ಗಳು ಹಿಂದೆ ಎಲ್ಲೆಡೆ ಇದ್ದವು. ದೊಡ್ಡ ತಯಾರಕರು ಅದನ್ನು ಬಿಟ್ಟು 'ಆಸ್‌ಬೆಸ್ಟಾಸ್ ರಹಿತ' ಎಂದು ಡಬ್ಬಿಯ ಮೇಲೆ ಹಾಕತೊಡಗಿ ಬಹಳ ಕಾಲವಾಯಿತು. ಅಮೆರಿಕದ ಪರಿಸರ ಸಂಸ್ಥೆ ಕ್ರೈಸೊಟೈಲ್ ಆಸ್‌ಬೆಸ್ಟಾಸ್ ಮೇಲೆ ನಿಷೇಧದ ನಿಯಮ ಹೊರಡಿಸಿದ್ದು 2024ರ ಮಾರ್ಚ್‌ನಲ್ಲಿ, ಅದರಲ್ಲಿ ಅಂಗಡಿಯಲ್ಲಿ ಮಾರುವ ಬ್ರೇಕ್ ಲೈನಿಂಗ್ ಕೂಡ ಸೇರಿದೆ. ಭಾರತಕ್ಕೆ ಕ್ರೈಸೊಟೈಲ್ ಆಮದು ನಿಂತಿಲ್ಲ. ಹೆಸರಿಲ್ಲದ ಡಬ್ಬಿಯೊಳಗಿನ ಪ್ಯಾಡ್‌ನಲ್ಲಿ ಏನಿದೆ ಎಂದು ಕೇಳಿದರೆ ಉತ್ತರ ಕೊಡುವವರು ಯಾರೂ ಇಲ್ಲ. ಅದೇ ಪ್ಯಾಡ್‌ನ ಪುಡಿಯನ್ನು ಗಾಳಿ ಪೈಪ್ ಹಿಡಿದು ಊದಿ ಸ್ವಚ್ಛ ಮಾಡುವ ಹುಡುಗನ ಮುಖಕ್ಕೆ ಮಾಸ್ಕ್ ಕೂಡ ಇರುವುದಿಲ್ಲ. ನಾವು ಉಳಿಸಿದ ಐನೂರು ರೂಪಾಯಿಯ ಬೆಲೆ ಅವನ ಶ್ವಾಸಕೋಶದಲ್ಲಿ ಲೆಕ್ಕವಾಗುತ್ತಿರಬಹುದು.

ಎಲ್‌ಬಿ ರಸ್ತೆಗೆ ಇಟಲಿಯ ಪ್ಯಾಡ್ ಬೇಕಾ?

ಹಾಗೆಂದು ದುಬಾರಿಯದ್ದೆಲ್ಲ ಒಳ್ಳೆಯದು ಎಂದೂ ಅಲ್ಲ. ಅಡ್ಯಾರ್‌ನ ಲ್ಯಾಟಿಸ್ ಬ್ರಿಡ್ಜ್ ರಸ್ತೆಯನ್ನೇ ತೆಗೆದುಕೊಳ್ಳಿ. ಚೆನ್ನೈ ಮೆಟ್ರೊ ಎರಡನೇ ಹಂತದ ಮಾಧವರಂ–ಸಿಪ್ಕಾಟ್ ಮಾರ್ಗ ಹಾದುಹೋಗುವುದು ಇಲ್ಲಿಯೇ. ಅಡ್ಯಾರ್ ಜಂಕ್ಷನ್, ಅಡ್ಯಾರ್ ಡಿಪೊ, ಇಂದಿರಾ ನಗರ ನಿಲ್ದಾಣಗಳ ಕಾಮಗಾರಿ ಶುರುವಾದ ಮೇಲೆ ವಾಹನಗಳು ತೆವಳುವುದೇ ಹೆಚ್ಚು. ಇಂಥ ಓಡಾಟದಲ್ಲಿ ಬ್ರೇಕ್ ಒತ್ತುವುದು ನೂರಾರು ಸಲ, ಆದರೆ ಪ್ರತಿ ಸಲದ ವೇಗ ಕಡಿಮೆ. 40 ಕಿ.ಮೀ. ವೇಗದಿಂದ ಕಾರು ನಿಲ್ಲಿಸಲು ಬ್ರೇಕ್ ನುಂಗಬೇಕಾದ ಶಕ್ತಿಗೆ ಹೋಲಿಸಿದರೆ 100 ಕಿ.ಮೀ. ವೇಗದಿಂದ ನಿಲ್ಲಿಸಲು ಬೇಕಾದದ್ದು ಆರು ಪಟ್ಟಿಗೂ ಹೆಚ್ಚು. ರೇಸಿಂಗ್ ಹೆಸರಿನಲ್ಲಿ ಬರುವ ವಿದೇಶಿ ಪ್ಯಾಡ್‌ಗಳು ಚೆನ್ನಾಗಿ ಹಿಡಿಯಲು ಮೊದಲು ಕಾಯಬೇಕು. ತರಕಾರಿ ತರಲು ಬೆಸೆಂಟ್ ನಗರಕ್ಕೆ ಹೋಗಿ ಬರುವ ಕಾರಿಗೆ ಅವು ದಂಡ, ಕಿರುಗುಟ್ಟುವ ಶಬ್ದ ಬೇರೆ.

ಆದರೆ ಅದೇ ಕಾರು ಹಬ್ಬಕ್ಕೆ ಊರಿಗೆ ಹೊರಡುತ್ತದೆ. ಚೆನ್ನೈನಲ್ಲಿ ಕೆಲಸ ಮಾಡುವ ಕನ್ನಡಿಗರಲ್ಲಿ ಬೆಂಗಳೂರಿನವರು ಇದ್ದಂತೆ ಕರಾವಳಿಯವರೂ ಇದ್ದಾರೆ. ಹೆದ್ದಾರಿಯಲ್ಲಿ ನೂರರ ವೇಗ, ಆಮೇಲೆ ಶಿರಾಡಿಯೋ ಚಾರ್ಮಾಡಿಯೋ. ಮೈಸೂರು ಕಡೆಯವರು ಊಟಿಗೆ ಹೋಗಿ ಇಳಿಯುವಾಗ ಮಸಿನಗುಡಿಯ ಕಲ್ಲಹಟ್ಟಿ ದಾರಿ ಗೊತ್ತಿರುತ್ತದೆ. 36 ಹೇರ್‌ಪಿನ್ ತಿರುವು, ಕಡಿದಾದ ಇಳಿಜಾರು. ಅಲ್ಲಿ ಬ್ರೇಕ್ ಹಿಡಿಯದೆ ಆದ ಅಪಘಾತಗಳ ನಂತರ ಹೊರಗಿನ ವಾಹನಗಳು ಆ ದಾರಿಯಲ್ಲಿ ಇಳಿಯುವುದಕ್ಕೇ ನೀಲಗಿರಿ ಜಿಲ್ಲೆಯಲ್ಲಿ ನಿರ್ಬಂಧ ಹಾಕಲಾಯಿತು. ಅಲ್ಲಿ ತಪ್ಪು ಗೇರ್‌ನದೂ ಹೌದು. ಎರಡನೇ ಗೇರ್‌ನಲ್ಲಿ ಇಳಿಯಬೇಕಾದಲ್ಲಿ ನಾಲ್ಕನೇ ಗೇರ್ ಹಾಕಿ ಇಡೀ ದಾರಿ ಬ್ರೇಕ್ ಮೇಲೆ ಕಾಲಿಟ್ಟರೆ ಎಂಥ ಪ್ಯಾಡ್ ಕೂಡ ಸೋಲುತ್ತದೆ. ಅಗ್ಗದ ಪ್ಯಾಡ್ ಹತ್ತನೇ ತಿರುವಿಗೇ ಸೋಲಬಹುದು ಎಂಬುದಷ್ಟೇ ವ್ಯತ್ಯಾಸ. ವರ್ಷದಲ್ಲಿ 360 ದಿನ ಎಲ್‌ಬಿ ರಸ್ತೆಯಲ್ಲಿ ತೆವಳುವ ಕಾರಿನ ಪ್ಯಾಡ್ ಆರಿಸಬೇಕಾದದ್ದು ಉಳಿದ ಐದು ದಿನಗಳನ್ನು ನೋಡಿಕೊಂಡು.

ಅಡ್ಯಾರ್‌ನ ಇನ್ನೊಂದು ಸಮಸ್ಯೆ ಮಂಗಳೂರು, ಉಡುಪಿ, ಕಾರವಾರದವರಿಗೆ ಹೇಳಿಕೊಡಬೇಕಾಗಿಲ್ಲ. ಅದು ಉಪ್ಪುಗಾಳಿ ಮತ್ತು ನೀರು. ಪ್ಯಾಡ್‌ನ ಉಕ್ಕಿನ ಹಲಗೆಗೆ ಸರಿಯಾದ ಲೇಪ ಇಲ್ಲದಿದ್ದರೆ ತುಕ್ಕು ಬಿಲ್ಲೆಯ ಕೆಳಗೆ ನುಗ್ಗಿ ಅದನ್ನು ಹಲಗೆಯಿಂದ ಎಬ್ಬಿಸುತ್ತದೆ. ಕ್ಯಾಲಿಪರ್ ಪಿನ್‌ಗಳು ಹಿಡಿದುಕೊಳ್ಳುತ್ತವೆ. 2015ರ ಡಿಸೆಂಬರ್‌ನಲ್ಲಿ ಅಡ್ಯಾರ್ ನದಿ ಉಕ್ಕಿದಾಗ, 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ಚೆನ್ನೈನಲ್ಲಿ ಕಾರುಗಳು ನೀರಿನಲ್ಲಿ ನಿಂತಿದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದಾರೆ. ಹಾಗೆ ನಿಂತ ಕಾರಿನ ಹಿಂದಿನ ಚಕ್ರದ ಬ್ರೇಕ್ ಶೂ ಡ್ರಮ್‌ಗೆ ಅಂಟಿಕೊಳ್ಳುವುದು ಸಾಮಾನ್ಯ.

ನೀರಿನ ಮಾತು ಬಂದಾಗ ಬ್ರೇಕ್ ಆಯಿಲ್ ಹೇಳಲೇಬೇಕು. ಇದು ಗಾಳಿಯ ತೇವ ಹೀರುತ್ತದೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ತೇವ ಹೀರಿದ ಮೇಲಿನ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಡಾಟ್ 3ರಲ್ಲಿ ಇದೇ ಅಂಕಿ 205 ಮತ್ತು 140. ಘಾಟ್ ಇಳಿಯುವಾಗ ಆಯಿಲ್ ಕುದಿದರೆ ಪೈಪ್‌ನಲ್ಲಿ ಆವಿ ತುಂಬಿ ಪೆಡಲ್ ನೆಲಕ್ಕೆ ಹೋಗುತ್ತದೆ. ದುಬಾರಿ ಪ್ಯಾಡ್ ಹಾಕಿಸಿ ಐದು ವರ್ಷದ ಹಳೇ ಆಯಿಲ್ ಬಿಟ್ಟರೆ ಪ್ರಯೋಜನವಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಲು ಆಗುವ ಖರ್ಚು ಕೆಲವು ನೂರು ರೂಪಾಯಿ. ಇಡೀ ಬ್ರೇಕ್ ವ್ಯವಸ್ಥೆಯಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಬರುವುದು ಇಲ್ಲೇ ಎಂದು ನನ್ನ ಅಭಿಪ್ರಾಯ.

ಹದಿನೈದು ವರ್ಷ ಯಾರೂ ನೋಡುವುದಿಲ್ಲ

ಮೂಲ ಪ್ಯಾಡ್‌ಗೆ ಬದಲಾಗಿ ಹಾಕುವ ಪ್ಯಾಡ್ ಹೇಗಿರಬೇಕು ಎಂಬುದಕ್ಕೆ ಯುರೋಪಿನಲ್ಲಿ 'ಆರ್ 90' ಎಂಬ ನಿಯಮ ಇದೆ. ಬದಲಿ ಪ್ಯಾಡ್‌ನ ಹಿಡಿತ ಮೂಲ ಪ್ಯಾಡ್‌ಗಿಂತ ಶೇ 15ರಷ್ಟು ಆಚೀಚೆ ಮಾತ್ರ ಇರಬಹುದು. ತೀರಾ ಕಡಿಮೆ ಇದ್ದರೂ ತಪ್ಪು, ತೀರಾ ಹೆಚ್ಚಿದ್ದರೂ ತಪ್ಪು. ಏಕೆಂದರೆ ಮುಂದಿನ ಮತ್ತು ಹಿಂದಿನ ಚಕ್ರದ ಬ್ರೇಕ್ ನಡುವಿನ ಹೊಂದಾಣಿಕೆ ಕೆಟ್ಟರೆ ಕಾರು ತಿರುಗಿಬೀಳುತ್ತದೆ. ಪಾಸಾದ ಪ್ಯಾಡ್ ಮೇಲೆ ವೃತ್ತದೊಳಗೆ 'ಇ' ಅಕ್ಷರ ಮತ್ತು '90ಆರ್' ಎಂಬ ಮುದ್ರೆ ಇರುತ್ತದೆ. ಇಲ್ಲಿ ಮಾರುವ ಕೆಲವು ಬ್ರ್ಯಾಂಡ್‌ಗಳ ಪ್ಯಾಡ್ ಮೇಲೂ ಇದನ್ನು ಕಾಣಬಹುದು. ಬ್ರೇಕ್ ಲೈನಿಂಗ್‌ಗೆ ನಮ್ಮ ಬಿಐಎಸ್‌ನ ಮಾನದಂಡವೂ ಇದೆ, ಐಎಸ್ 2742. ಆದರೆ ಕೌಂಟರ್ ಮುಂದೆ ನಿಂತ ಗಿರಾಕಿಗೆ ಇವು ಯಾವುದರ ಪರಿಚಯವೂ ಇರುವುದಿಲ್ಲ. ಅವನು ನೋಡುವುದು ಬೆಲೆ, ಕೇಳುವುದು ಮೆಕ್ಯಾನಿಕ್ ಮಾತು.

ಆಮೇಲೆ ಅದನ್ನು ಪರೀಕ್ಷಿಸುವವರು ಯಾರು? ಬ್ರಿಟನ್ನಿನಲ್ಲಿ ಕಾರಿಗೆ ಮೂರು ವರ್ಷ ತುಂಬಿದ ಮೇಲೆ ವರ್ಷಕ್ಕೊಮ್ಮೆ ಕಡ್ಡಾಯ ತಪಾಸಣೆ, ಅದರಲ್ಲಿ ಬ್ರೇಕ್ ಪರೀಕ್ಷೆಯೂ ಸೇರಿದೆ. ನಮ್ಮಲ್ಲಿ ಟ್ಯಾಕ್ಸಿ, ಬಸ್ಸು, ಲಾರಿಗಳಿಗೆ ಫಿಟ್‌ನೆಸ್ ಪರೀಕ್ಷೆ ಇದೆ. ಸ್ವಂತ ಕಾರಿನ ನೋಂದಣಿ ಬಾಳುವುದು 15 ವರ್ಷ, ನವೀಕರಣಕ್ಕೆ ಹೋಗುವವರೆಗೆ ಸರ್ಕಾರದ ಕಡೆಯಿಂದ ಯಾರೂ ಅದರ ಬ್ರೇಕ್ ನೋಡುವುದಿಲ್ಲ. ಹೊಗೆ ತಪಾಸಣೆ ಚೀಟಿ ಇಲ್ಲದಿದ್ದರೆ ದಂಡ ಬೀಳುತ್ತದೆ. ಪ್ಯಾಡ್ ಸವೆದು ಉಕ್ಕಿಗೆ ಉಕ್ಕು ಉಜ್ಜುತ್ತಿದ್ದರೂ ಕೇಳುವವರಿಲ್ಲ. 2023ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,72,890 ಮಂದಿ ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಎಫ್‌ಐಆರ್‌ನಲ್ಲಿ 'ಅತಿ ವೇಗ ಮತ್ತು ಅಜಾಗರೂಕತೆ' ಎಂಬ ಪದಗಳು ಸಲೀಸಾಗಿ ಬೀಳುವ ದೇಶದಲ್ಲಿ, ನಡುವೆ ಪ್ಯಾಡ್‌ನ ಪಾಲೆಷ್ಟು ಎಂದು ಬೇರ್ಪಡಿಸಿ ನೋಡುವ ವ್ಯವಧಾನ ಕಡಿಮೆ.

ಕೊಳ್ಳುವಾಗ

ಹೊಸ ಪ್ಯಾಡ್ ಚೆನ್ನೈನ ಜನರಲ್ ಪ್ಯಾಟರ್ಸ್ ರಸ್ತೆಯಲ್ಲೂ ಸಿಗುತ್ತದೆ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ಸಿಗುತ್ತದೆ. ಪುದುಪೇಟೆ, ಶಿವಾಜಿನಗರದ ಗುಜರಿಯಲ್ಲಿ ಬಾಗಿಲು, ಕನ್ನಡಿ, ಸೀಟು ಕೊಳ್ಳಿ. ಬ್ರೇಕ್‌ನ ಯಾವ ಭಾಗವನ್ನೂ ಬೇಡ.

ಡಬ್ಬಿಯ ಮೇಲೆ ತಯಾರಕರ ಹೆಸರು, ಪೂರ್ತಿ ವಿಳಾಸ, ತಯಾರಾದ ತಿಂಗಳು, ಎಂಆರ್‌ಪಿ, ದೂರಿಗೆ ಫೋನ್ ನಂಬರ್ ಇರಬೇಕು ಎಂಬುದು ಕಾನೂನು. ಇವು ಇಲ್ಲದ ಡಬ್ಬಿಯನ್ನು ತೆರೆಯುವ ಅಗತ್ಯವೇ ಇಲ್ಲ. ಹೊಲೊಗ್ರಾಂ, ಕ್ಯೂಆರ್ ಕೋಡ್ ಇದ್ದರೆ ಸ್ಕ್ಯಾನ್ ಮಾಡಿ, ಆದರೆ ಅದೊಂದನ್ನೇ ನಂಬಬೇಡಿ, ಹೊಲೊಗ್ರಾಂ ಅನ್ನೂ ನಕಲು ಮಾಡುವವರಿದ್ದಾರೆ. ಪಾರ್ಟ್ ನಂಬರ್ ನಿಮ್ಮ ಕಾರಿನ ಮಾದರಿ ಮತ್ತು ವರ್ಷಕ್ಕೆ ಸರಿಯೇ ಎಂದು ತಯಾರಕರ ಕ್ಯಾಟಲಾಗ್‌ನಲ್ಲಿ ನೋಡಬಹುದು. ಪ್ಯಾಡ್ ಹಾಕುವಾಗ ಒಂದೇ ಆಕ್ಸಲ್‌ನ ಎರಡೂ ಚಕ್ರಕ್ಕೆ ಒಟ್ಟಿಗೆ ಹಾಕಬೇಕು. ಡಿಸ್ಕ್ ಮೇಲೆ ಕನಿಷ್ಠ ದಪ್ಪ ಎಷ್ಟು ಎಂದು ಕೆತ್ತಿರುತ್ತದೆ, ಅಳೆದು ತೋರಿಸಲು ಹೇಳಿ. ಡಿಸ್ಕ್ ಅಳೆಯದೆ 'ಅದನ್ನೂ ಬದಲಿಸಬೇಕು ಸಾರ್' ಎನ್ನುವುದು ಸರ್ವೀಸ್ ಸೆಂಟರ್‌ಗಳ ಹಳೇ ರೂಢಿ. ಅಳೆಯದೆ 'ಇನ್ನೂ ನಡೆಯುತ್ತೆ' ಎನ್ನುವುದು ಬೀದಿ ಗ್ಯಾರೇಜ್‌ನ ರೂಢಿ.

ಬಿಲ್ ಕೇಳುವಾಗ 'ಬಿಲ್ ಬೇಕಂದ್ರೆ ಜಿಎಸ್‌ಟಿ ಸೇರುತ್ತೆ' ಎಂಬ ಮಾತು ಬಂದೇ ಬರುತ್ತದೆ. ಎಂಆರ್‌ಪಿಯಲ್ಲಿ ತೆರಿಗೆ ಸೇರಿಯೇ ಇರುತ್ತದೆ, ಅದರ ಮೇಲೆ ಮತ್ತೆ ಸೇರಿಸುವಂತಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದೋಷಪೂರಿತ ಉತ್ಪನ್ನದಿಂದ ಹಾನಿಯಾದರೆ ತಯಾರಕ ಮತ್ತು ಮಾರಾಟಗಾರನನ್ನು ಹೊಣೆ ಮಾಡುವ ಅವಕಾಶ ಇದೆ. ಆದರೆ ಆ ಪ್ಯಾಡ್ ಆ ಅಂಗಡಿಯಿಂದ ಬಂತು ಎಂದು ತೋರಿಸಲು ಬಿಲ್ ಬೇಕು. ಡೂಪ್ಲಿಕೇಟ್ ಎಂಬ ಅನುಮಾನ ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಡಬ್ಬಿಯ ಮೇಲಿನ ತಯಾರಕರ ನಂಬರ್‌ಗೆ ಡಬ್ಬಿಯ ಫೋಟೊ ಕಳಿಸುವುದು ಇನ್ನೂ ಬೇಗ ಕೆಲಸ ಮಾಡೀತು, ತಮ್ಮ ಹೆಸರಿನ ನಕಲಿ ಸರಕಿನ ಮೇಲೆ ಅವರಿಗೂ ಕಣ್ಣಿರುತ್ತದೆ.

ಇನ್ನೊಂದು, ಹಳೆಯ ಪ್ಯಾಡ್‌ಗಳನ್ನು ಮೆಕ್ಯಾನಿಕ್ ಬಳಿ ಬಿಡಬೇಡಿ, ಕೇಳಿ ಪಡೆಯಿರಿ. ನಾಲ್ಕನ್ನೂ ಸಾಲಾಗಿ ಇಟ್ಟು ದಪ್ಪ ನೋಡಿ. ನಾಲ್ಕೂ ಹೆಚ್ಚುಕಡಿಮೆ ಒಂದೇ ಸಮ ಸವೆದಿದ್ದರೆ ಸರಿ. ಒಂದೇ ಚಕ್ರದ ಎರಡು ಪ್ಯಾಡ್‌ಗಳಲ್ಲಿ ಒಂದು ತೆಳುವಾಗಿ ಇನ್ನೊಂದು ದಪ್ಪವಾಗಿ ಉಳಿದಿದ್ದರೆ ಕ್ಯಾಲಿಪರ್ ಪಿನ್ ಅಥವಾ ಪಿಸ್ಟನ್ ಹಿಡಿದುಕೊಂಡಿದೆ. ಅದನ್ನು ಬಿಚ್ಚಿ, ತುಕ್ಕು ತೆಗೆದು, ಗ್ರೀಸ್ ಹಾಕದಿದ್ದರೆ ಎಷ್ಟು ಬೆಲೆಯ ಹೊಸ ಪ್ಯಾಡ್ ಹಾಕಿಸಿದರೂ ಅದೇ ಕಡೆ ಮತ್ತೆ ಸವೆಯುತ್ತದೆ. ಅಡ್ಯಾರ್‌ನಲ್ಲಿ ಹಿಂಗಾರು ಮಳೆ ಶುರುವಾಗುವುದು ಅಕ್ಟೋಬರ್‌ನಲ್ಲಿ. ಪಿನ್ ನೋಡಿಸಲು ಸೆಪ್ಟೆಂಬರ್ ಒಳ್ಳೆಯ ತಿಂಗಳು.